ನಾಲೆಯ ಬದಿಯಲ್ಲಿ ಕೂತು ‘ದ್ವೀಪ’ ನೋಡಿದರೆ

ಮುಂಗಾರು ಶುರುವಾಯಿತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಟೀ ಅಂಗಡಿಗಳಲ್ಲಿ ಪತ್ರಿಕೆ ಕೈಗೆತ್ತಿಕೊಂಡವರು ಮೊದಲು ಹುಡುಕುವುದು ಒಂದು ಅಂಕಿಯನ್ನು. ಕನ್ನಂಬಾಡಿ ಕಟ್ಟೆಯ ಇವತ್ತಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. ನೂರು ಅಡಿ ದಾಟಿದರೆ ಒಂದು ಉಸಿರು, ನೂರಹತ್ತು ದಾಟಿದರೆ ಇನ್ನೊಂದು. 124.80 ಅಡಿ ಎಂಬ ಅಂಕಿಯನ್ನು ಈ ಸೀಮೆಯಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಶಾಲೆಗೆ ಹೋಗದವರಿಗೂ ಅದು ಗೊತ್ತು. ಆ ಮಟ್ಟ ಮುಟ್ಟಿದ ವರ್ಷ ಮುಖ್ಯಮಂತ್ರಿಗಳು ಬಂದು ಬಾಗಿನ ಬಿಡುತ್ತಾರೆ, ಊರಿನವರು ಗದ್ದೆಗೆ ಒಟ್ಲು ಹಾಕುವ ಮಾತಾಡುತ್ತಾರೆ. ನೀರು ಏರುವುದೆಂದರೆ ನಮಗೆ ಒಳ್ಳೆಯ ಸುದ್ದಿ. ನೀರು ಏರುವುದು ಕೆಟ್ಟ ಸುದ್ದಿಯೂ ಆಗಬಹುದು ಎಂಬ ಯೋಚನೆ ಇಲ್ಲಿ ಸುಲಭಕ್ಕೆ ಹುಟ್ಟುವುದಿಲ್ಲ.

ಹಾಗಾಗಿ ಗಿರೀಶ ಕಾಸರವಳ್ಳಿಯವರ ‘ದ್ವೀಪ’ ಚಿತ್ರವನ್ನು ಮಂಡ್ಯದವರು ನೋಡುವುದಕ್ಕೂ ಸಾಗರದವರು ನೋಡುವುದಕ್ಕೂ ವ್ಯತ್ಯಾಸವಿದೆ. ಆ ಚಿತ್ರದಲ್ಲಿಯೂ ನೀರು ದಿನದಿನಕ್ಕೆ ಏರುತ್ತದೆ. ಆದರೆ ಅದನ್ನು ಅಳೆಯಲು ಅಲ್ಲಿ ಅಂಕಿಯಿಲ್ಲ. ನಿನ್ನೆ ಕಾಣುತ್ತಿದ್ದ ದಾರಿ ಇವತ್ತು ಕಾಣುವುದಿಲ್ಲ, ನಿನ್ನೆ ನಡೆದು ಹೋಗುತ್ತಿದ್ದ ಕಡೆಗೆ ಇವತ್ತು ದೋಣಿ ಬೇಕು. ಮನೆಗೂ ನೀರಿಗೂ ನಡುವೆ ಉಳಿದಿರುವ ನೆಲವೇ ಅಲ್ಲಿನ ಅಳತೆಗೋಲು. ಒಂದೇ ನೀರು ಕಟ್ಟೆಯ ಈಚೆಗೆ ಬೆಳೆಯಾಗಿ, ಆಚೆಗೆ ಮುಳುಗಡೆಯಾಗಿ ಕಾಣುವ ಈ ಎರಡು ಅಳತೆಗಳನ್ನು ಒಟ್ಟಿಗೆ ಇಟ್ಟುಕೊಂಡು ಚಿತ್ರವನ್ನು ಮತ್ತೊಮ್ಮೆ ನೋಡುವುದು ಈ ವಾರದ ಬರಹದ ಉದ್ದೇಶ.

ಚಿತ್ರದ ಬಗ್ಗೆ ಗೊತ್ತಿಲ್ಲದ ವಿದ್ಯಾರ್ಥಿಗಳಿಗಾಗಿ ಒಂದೆರಡು ಮಾತು. ‘ದ್ವೀಪ’ ನಾ. ಡಿಸೋಜ ಅವರ ಅದೇ ಹೆಸರಿನ ಕಿರುಕಾದಂಬರಿಯನ್ನು ಆಧರಿಸಿದ್ದು. 2001ರ ಸಾಲಿನ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕಥಾಚಿತ್ರಕ್ಕೆ ಕೊಡುವ ಸ್ವರ್ಣಕಮಲ ಇದಕ್ಕೆ ಬಂತು. ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’ಗಳ ನಂತರ ಕಾಸರವಳ್ಳಿಯವರಿಗೆ ಸಿಕ್ಕ ನಾಲ್ಕನೆಯ ಸ್ವರ್ಣಕಮಲ ಅದು. ಛಾಯಾಗ್ರಹಣಕ್ಕಾಗಿ ಎಚ್.ಎಂ. ರಾಮಚಂದ್ರ ಅವರಿಗೂ ರಾಷ್ಟ್ರೀಯ ಪ್ರಶಸ್ತಿ ಬಂತು. ತೆಲುಗು, ಕನ್ನಡದ ಜನಪ್ರಿಯ ಚಿತ್ರಗಳಲ್ಲಿ ಹೆಸರು ಮಾಡಿದ್ದ ಸೌಂದರ್ಯ ಇದನ್ನು ನಿರ್ಮಿಸಿ, ನಾಗಿಯ ಪಾತ್ರವನ್ನು ಮಾಡಿದರು. 2004ರ ಏಪ್ರಿಲ್‌ನಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಈ ಚಿತ್ರವನ್ನು ಅವರ ನೆನಪಿನ ಜೊತೆಗೇ ನೋಡುವುದು ಅಭ್ಯಾಸವಾಯಿತು. ಆ ಅಭ್ಯಾಸದಿಂದ ಸ್ವಲ್ಪ ಬಿಡಿಸಿಕೊಂಡು ನೋಡುವುದು ಒಳ್ಳೆಯದು.

ಕಥೆ ಹೆಚ್ಚೇನೂ ಇಲ್ಲ. ಅಣೆಕಟ್ಟಿನ ಹಿನ್ನೀರು ಏರತೊಡಗಿದಾಗ ಸೀತಾಪರ್ವತವೆಂಬ ಗುಡ್ಡ ದ್ವೀಪವಾಗುತ್ತದೆ. ವನವಾಸದಲ್ಲಿ ರಾಮಸೀತೆಯರು ಇಲ್ಲಿದ್ದರೆಂಬ ನಂಬಿಕೆ ಆ ಗುಡ್ಡಕ್ಕಿದೆ. ಅಲ್ಲಿ ಗುಡಿಯ ಪೂಜೆ ಮಾಡಿಕೊಂಡು ಬಂದ ಕುಟುಂಬ ಒಂದಿದೆ. ಮುದುಕ ದುಗ್ಗಜ್ಜ, ಅವನ ಮಗ ಗಣಪ, ಸೊಸೆ ನಾಗಿ. ಉಳಿದ ಮನೆಗಳವರು ಪರಿಹಾರ ತೆಗೆದುಕೊಂಡು ಗುಡ್ಡ ಇಳಿಯುತ್ತಾರೆ. ದುಗ್ಗಜ್ಜ ಒಪ್ಪುವುದಿಲ್ಲ. ಗಣಪನಿಗೆ ಹೋಗುವುದೂ ಕಷ್ಟ, ಉಳಿಯುವುದೂ ಕಷ್ಟ. ಈ ನಡುವೆ ನಾಗಿಯ ತವರಿನ ಕಡೆಯ ಪರಿಚಯದ ಕೃಷ್ಣ ಬರುತ್ತಾನೆ. ಹೊರಗಿನ ಲೋಕ ಕಂಡ ಹುಡುಗ, ಮಾತುಗಾರ. ಅವನು ಬಂದ ಮೇಲೆ ಮನೆಯಲ್ಲಿ ನಗು ಹುಟ್ಟುತ್ತದೆ, ಗಣಪನ ಮನಸ್ಸಿನಲ್ಲಿ ಸಂಶಯ ಹುಟ್ಟುತ್ತದೆ. ಕೃಷ್ಣ ಹೊರಟುಹೋಗುತ್ತಾನೆ. ಮಳೆ ನಿಲ್ಲುವುದಿಲ್ಲ. ಕೊನೆಗೆ ಒಂದು ಭಯಂಕರ ರಾತ್ರಿ, ಅದರಾಚೆಗೆ ಒಂದು ಬೆಳಗು.

ಮುಳುಗಡೆಯ ಬಗ್ಗೆ ಚಿತ್ರ ಎಂದ ಕೂಡಲೇ ನಾವು ನಿರೀಕ್ಷಿಸುವುದು ಮೆರವಣಿಗೆ, ಘೋಷಣೆ, ಕಚೇರಿಯ ಮುಂದೆ ಧರಣಿ. ‘ದ್ವೀಪ’ದಲ್ಲಿ ಇದು ಯಾವುದೂ ಮುಖ್ಯವಲ್ಲ. ಅಣೆಕಟ್ಟಿನ ದೊಡ್ಡ ಗೋಡೆಯೂ ಇಲ್ಲಿ ಮುಖ್ಯವಲ್ಲ. ಅಧಿಕಾರಿಗಳು ಬರುತ್ತಾರೆ, ಹೇಳಬೇಕಾದ್ದನ್ನು ಹೇಳುತ್ತಾರೆ, ಹೋಗುತ್ತಾರೆ. ಆಮೇಲೆ ಸರ್ಕಾರದ ಬದಲಿಗೆ ನೀರು ಇರುತ್ತದೆ. ಇದನ್ನು ಕಾಸರವಳ್ಳಿಯವರದೇ ‘ತಬರನ ಕಥೆ’ಯ ಪಕ್ಕ ಇಟ್ಟು ನೋಡಿ. ಅಲ್ಲಿ ತಬರ ತನ್ನ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಯಾವ ಗುಮಾಸ್ತ ಹೇಗೆ ಮುಖ ತಿರುಗಿಸಿದ ಎಂಬುದು ನಮಗೆ ಕಾಣುತ್ತದೆ, ಸಿಟ್ಟು ಬರಲು ಒಂದು ಮುಖವಿರುತ್ತದೆ. ‘ದ್ವೀಪ’ದಲ್ಲಿ ಸಿಟ್ಟು ಮಾಡಿಕೊಳ್ಳಲು ಮುಖವೇ ಇಲ್ಲ. ಮಳೆಗೆ ಬೈಯಲಾಗುವುದಿಲ್ಲ, ನೀರಿನ ಜೊತೆ ವಾದಿಸಲಾಗುವುದಿಲ್ಲ. ಹೊರಗೆ ತೋರಿಸಲಾಗದ ಸಿಟ್ಟು ಆಗ ಮನೆಯೊಳಗೆ ಹೊಕ್ಕುತ್ತದೆ. ಗಣಪನ ಸಂಶಯವನ್ನು ಕೇವಲ ಹೊಟ್ಟೆಕಿಚ್ಚೆಂದು ಓದಿದರೆ ಚಿತ್ರದ ಅರ್ಧ ಕೈತಪ್ಪುತ್ತದೆ. ಊರು ಕಳೆದುಕೊಂಡವನು, ಭಕ್ತರನ್ನು ಕಳೆದುಕೊಂಡವನು, ಮುಂದೇನೆಂದು ತಿಳಿಯದವನು ತನ್ನ ಕೈಯಲ್ಲಿ ಉಳಿದಿದೆ ಎಂದುಕೊಂಡ ಒಂದೇ ಅಧಿಕಾರವನ್ನು ಹೆಂಡತಿಯ ಮೇಲೆ ಚಲಾಯಿಸುತ್ತಾನೆ.

ಈ ಕುಟುಂಬ ಯಾಕೆ ಇಳಿದುಹೋಗುವುದಿಲ್ಲ ಎಂಬ ಪ್ರಶ್ನೆಗೆ ಚಿತ್ರ ಕೊಡುವ ಉತ್ತರ ಸರಳವಾದ ಮಣ್ಣಿನ ಮಮತೆಯಲ್ಲ. ಸರ್ಕಾರದ ಪರಿಹಾರ ನೆಲವನ್ನು ಅಳೆಯುತ್ತದೆ. ಇಷ್ಟು ಎಕರೆ, ಇಷ್ಟು ಗುಂಟೆ, ಇಷ್ಟು ಮರ, ಇಷ್ಟು ರೂಪಾಯಿ. ಹೆಚ್ಚು ನೆಲವಿದ್ದವರಿಗೆ ಹೋಗುವುದು ಒಂದು ಲೆಕ್ಕಕ್ಕೆ ಬರುತ್ತದೆ. ಗುಡಿಯನ್ನೇ ನಂಬಿದ ದುಗ್ಗಜ್ಜನಂಥವರಿಗೆ ಸಿಗುವುದು ಅಲ್ಪ. ಆದರೆ ಅವರು ಕಳೆದುಕೊಳ್ಳುವುದು ಅಲ್ಪವಲ್ಲ. ಗುಡ್ಡದ ಮೇಲೆ ಅವನು ದೇವರಿಗೂ ಜನರಿಗೂ ನಡುವೆ ನಿಂತವನು. ಊರವರು ಅವನ ಎದುರಿಗೆ ಕೈಮುಗಿಯುತ್ತಾರೆ, ಹರಕೆ ಹೇಳಿಕೊಳ್ಳುತ್ತಾರೆ. ಗುಡ್ಡ ಇಳಿದರೆ ಅವನ ಮಗ ಯಾರದೋ ತೋಟದ ಕೂಲಿ. ಈ ಎತ್ತರದಿಂದ ಆ ಆಳಕ್ಕೆ ಬೀಳುವ ನಷ್ಟವನ್ನು ಬರೆದುಕೊಳ್ಳಲು ಪರಿಹಾರದ ಕಡತದಲ್ಲಿ ಅಂಕಣವೇ ಇಲ್ಲ.

ದುಗ್ಗಜ್ಜನಾಗಿ ನಟಿಸಿದವರು ಎಂ.ವಿ. ವಾಸುದೇವರಾವ್. 1975ರ ‘ಚೋಮನ ದುಡಿ’ಯಲ್ಲಿ ಚೋಮನಾಗಿದ್ದವರು ಇವರೇ. ತನ್ನದೆನ್ನುವ ತುಂಡು ನೆಲಕ್ಕಾಗಿ ಜೀವಮಾನವಿಡೀ ಹಂಬಲಿಸಿದವನ ಮುಖ ಅದು. ಕಾಲು ಶತಮಾನದ ನಂತರ ಅದೇ ಮುಖ, ಇನ್ನಷ್ಟು ಸುಕ್ಕುಗಟ್ಟಿ, ನಿಂತ ನೆಲವನ್ನು ಬಿಡಲಾರೆ ಎನ್ನುತ್ತದೆ. ನಿರ್ದೇಶಕರು ಇದನ್ನು ಎಣಿಸಿ ಮಾಡಿದರೋ ಇಲ್ಲವೋ, ಕನ್ನಡ ಸಿನಿಮಾ ನೋಡುತ್ತ ಬಂದವರಿಗೆ ಈ ಎರಡು ಮುಖಗಳು ಒಂದರ ಮೇಲೊಂದು ಕೂರದೆ ಇರುವುದಿಲ್ಲ. ನೆಲ ಸಿಗದವನ ದುಃಖವೂ ನೆಲ ಬಿಡಲಾಗದವನ ದುಃಖವೂ ಒಂದೇ ಅಲ್ಲ. ಆದರೆ ಎರಡೂ ಕಡೆ ನೆಲವೆಂದರೆ ಬೆಳೆ ಬರುವ ಜಾಗಕ್ಕಿಂತ ಹೆಚ್ಚಿನದು, ನಾಲ್ಕು ಜನರ ನಡುವೆ ಮನುಷ್ಯನಾಗಿ ನಿಲ್ಲುವ ಜಾಗ.

ಈಗ ನಾಗಿಯ ಕಡೆಗೆ ಬರೋಣ. ಚಿತ್ರದ ಬಗ್ಗೆ ಬಂದ ಬರಹಗಳಲ್ಲಿ ನಾಗಿಯನ್ನು ಧೈರ್ಯವಂತೆ, ಛಲಗಾತಿ ಎಂದು ಹೊಗಳುವುದು ಹೆಚ್ಚು. ಅದು ಸರಿಯೇ. ಆದರೆ ಅವಳ ಧೈರ್ಯ ಎಂಥದು ಎಂಬುದನ್ನು ನೋಡಬೇಕು. ಅವಳು ಅಣೆಕಟ್ಟನ್ನು ಎದುರಿಸುವುದಿಲ್ಲ, ಗಂಡನನ್ನೂ ಮಾವನನ್ನೂ ಬಿಟ್ಟುಹೋಗುವುದಿಲ್ಲ. ಅವಳು ಮಾಡುವುದು ಕೆಲಸ. ಮೂವರು ಗಂಡಸರೂ ಮಾತಿನಲ್ಲಿ ಮುಳುಗಿರುವಾಗ ಒಲೆ ಉರಿಯುವಂತೆ, ದನಕರು ಸಾಯದಂತೆ, ಸೂರು ಬೀಳದಂತೆ ನೋಡಿಕೊಳ್ಳುವುದು ಅವಳು. ಸೌಂದರ್ಯ ಅವರ ನಟನೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದೂ ಇದೇ. ಒದ್ದೆ ಸೆರಗಿನಲ್ಲಿ, ಬಾಗಿದ ಬೆನ್ನಿನಲ್ಲಿ, ಒಂದು ಕೆಲಸ ಮುಗಿಯುವ ಮೊದಲೇ ಇನ್ನೊಂದರ ಕಡೆ ತಿರುಗುವ ಕಣ್ಣಿನಲ್ಲಿ ಆ ಪಾತ್ರ ಇದೆ. ಕೃಷ್ಣನ ಜೊತೆ ಅವಳು ನಗುವುದರಲ್ಲಿ ಪ್ರೇಮವನ್ನು ಹುಡುಕುವವರು ಒಂದನ್ನು ಮರೆಯುತ್ತಾರೆ. ಬಹಳ ದಿನಗಳ ನಂತರ ಆ ಮನೆಗೆ ಬಂದ, ಅವಳನ್ನು ಮಾತಾಡಿಸುವ ಮೊದಲ ಮನುಷ್ಯ ಅವನು.

ಕೊನೆಯ ರಾತ್ರಿ ಎಲ್ಲವೂ ಅವಳ ಮೇಲೆ ಬೀಳುತ್ತದೆ. ಮಳೆ ಹೊಯ್ಯುತ್ತಿದೆ, ನೀರು ಮನೆಯ ಸಮೀಪಕ್ಕೆ ಬಂದಿದೆ, ಅದೇ ನೀರಿನಲ್ಲಿ ಸಿಕ್ಕಿಕೊಂಡ ಹುಲಿಯೊಂದು ದ್ವೀಪದಲ್ಲಿದೆ. ಆ ಪ್ರಾಣಿಯೂ ಸಂತ್ರಸ್ತವೇ ಎಂಬುದು ಆಮೇಲೆ ಹೊಳೆಯುತ್ತದೆ. ನಾಗಿ ಬೆಂಕಿ ಆರದಂತೆ ಕಾಯುತ್ತಾಳೆ. ಬೆಳಗಾದಾಗ ಮಳೆ ನಿಂತಿದೆ, ನೀರು ನಿಂತಿದೆ, ಅವರು ಬದುಕಿದ್ದಾರೆ. ಗಣಪ ಇದನ್ನು ದೇವರ ದಯೆ ಎನ್ನುತ್ತಾನೆ. ರಾತ್ರಿಯೆಲ್ಲ ಎಚ್ಚರವಿದ್ದು ಉಳಿಸಿದವಳು ಅವನ ಎದುರಿಗೇ ನಿಂತಿದ್ದರೂ ಅವನ ಲೆಕ್ಕದಲ್ಲಿ ಅವಳಿಲ್ಲ.

ಚಿತ್ರದ ತಿರುಳು ಈ ಬೆಳಗಿನಲ್ಲಿದೆ ಎಂದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ನಾವು ಸರ್ಕಾರದ ಲೆಕ್ಕ ಕುರುಡು ಎಂದು ನೋಡುತ್ತಿದ್ದೆವು. ನೆಲ ಕಾಣುತ್ತದೆ, ಮನುಷ್ಯ ಕಾಣುವುದಿಲ್ಲ. ಈಗ ಆ ಲೆಕ್ಕಕ್ಕೆ ಬಲಿಯಾದವನೇ ಅಂಥದ್ದೇ ಇನ್ನೊಂದು ಲೆಕ್ಕ ಹಾಕುತ್ತಿದ್ದಾನೆ. ದೇವರು ಕಾಣುತ್ತಾನೆ, ವಿಧಿ ಕಾಣುತ್ತದೆ, ಹೆಂಡತಿಯ ದುಡಿಮೆ ಕಾಣುವುದಿಲ್ಲ. ಪರಿಹಾರದ ಕಡತದಲ್ಲಿ ಗಣಪನ ಮಾನಕ್ಕೆ ಅಂಕಣವಿಲ್ಲದ ಹಾಗೆ ಗಣಪನ ಮನಸ್ಸಿನಲ್ಲಿ ನಾಗಿಯ ರಾತ್ರಿಗೆ ಅಂಕಣವಿಲ್ಲ. ಕಾಸರವಳ್ಳಿಯವರು ಸಂತ್ರಸ್ತನನ್ನು ಸಂತನನ್ನಾಗಿ ಮಾಡಲಿಲ್ಲ. ಅನ್ಯಾಯಕ್ಕೆ ಒಳಗಾದ ಮನೆಯೊಳಗೇ ಇನ್ನೊಂದು ಅನ್ಯಾಯ ಆರಾಮವಾಗಿ ಬದುಕಬಲ್ಲದು ಎಂದು ತೋರಿಸಿದರು. ಹಾಗಾಗಿ ದ್ವೀಪವಾಗುವುದು ಬರೀ ಗುಡ್ಡವಲ್ಲ. ಮೊದಲು ಆ ಕುಟುಂಬ ಊರಿನಿಂದ ಬೇರೆಯಾಗುತ್ತದೆ, ಆಮೇಲೆ ನಾಗಿ ಆ ಕುಟುಂಬದಿಂದ ಬೇರೆಯಾಗುತ್ತಾಳೆ.

ಇದು ಬರೀ ಸಿನಿಮಾದ ಮಾತಲ್ಲ ಎಂಬುದಕ್ಕೆ ಕಾನೂನಿನ ಕಡೆ ನೋಡಬಹುದು. ಬ್ರಿಟಿಷರ ಕಾಲದ 1894ರ ಭೂಸ್ವಾಧೀನ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಬಂದದ್ದು 2013ರಲ್ಲಿ, ಅಂದರೆ ಈ ಚಿತ್ರ ಬಂದು ಹತ್ತು ವರ್ಷ ಕಳೆದ ಮೇಲೆ. ನೆಲದ ಒಡೆತನವಿಲ್ಲದಿದ್ದರೂ ಆ ನೆಲದಿಂದ ಹೊಟ್ಟೆ ಹೊರೆಯುತ್ತಿದ್ದ ಕುಟುಂಬಗಳನ್ನು ಬಾಧಿತ ಕುಟುಂಬಗಳೆಂದು ಅದು ಎಣಿಸಿತು. ದುಗ್ಗಜ್ಜನಂಥವರಿಗೆ ಕಡತದಲ್ಲಿ ಒಂದು ಸಣ್ಣ ಅಂಕಣ ಸಿಕ್ಕಿದಂತಾಯಿತು. ವಿಧವೆಯರನ್ನು, ಗಂಡ ಬಿಟ್ಟ ಹೆಂಗಸರನ್ನು ಬೇರೆ ಕುಟುಂಬವೆಂದು ಪರಿಗಣಿಸಿದ್ದೂ ದೊಡ್ಡ ಹೆಜ್ಜೆ. ಆದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಸೇರಿ ಒಂದೇ ಕುಟುಂಬ. ನಾಗಿ ಇವತ್ತು ಗುಡ್ಡ ಇಳಿದು ಬಂದರೂ ಗಣಪನ ಕುಟುಂಬದ ಒಳಗೇ ಲೆಕ್ಕಕ್ಕೆ ಸಿಗುತ್ತಾಳೆ.

ಅಣೆಕಟ್ಟಿನ ನೀರಿಗೆ ಸಿಕ್ಕ ದ್ವೀಪ ಬೇರೆ ದೇಶಗಳ ಸಿನಿಮಾದಲ್ಲೂ ಉಂಟು. 1960ರಲ್ಲಿ ಎಲಿಯಾ ಕಜಾನ್ ಮಾಡಿದ ‘ವೈಲ್ಡ್ ರಿವರ್’ನಲ್ಲಿ ಅಮೆರಿಕದ ಟೆನೆಸಿ ನದಿಯ ನಡುಗಡ್ಡೆಯೊಂದನ್ನು ಬಿಡಲೊಪ್ಪದ ಮುದುಕಿ ಇದ್ದಾಳೆ. ನಮ್ಮ ದುಗ್ಗಜ್ಜನ ಅಕ್ಕನಂತಿದ್ದಾಳೆ ಅವಳು. ಆದರೆ ಆ ಚಿತ್ರ ನಡೆಯುವುದು ಅವಳನ್ನು ಒಪ್ಪಿಸಲು ಬಂದ ಸರ್ಕಾರಿ ಅಧಿಕಾರಿಯ ಜೊತೆಗೆ. ಅವನ ಸಂಕಟ, ಅವನ ಪ್ರೇಮ ಕಥೆಯ ದಾರಿಯಾಗುತ್ತವೆ. ರಷ್ಯಾದ ವ್ಯಾಲೆಂಟಿನ್ ರಾಸ್ಪುಟಿನ್ ಬರೆದ ಮತ್ಯೋರ ಎಂಬ ನಡುಗಡ್ಡೆಯ ಊರಿನ ಕಾದಂಬರಿಯನ್ನು ಲರೀಸಾ ಶೆಪಿಟ್ಕೊ ಚಿತ್ರ ಮಾಡಲು ಹೊರಟು 1979ರಲ್ಲಿ ಅಪಘಾತದಲ್ಲಿ ತೀರಿಕೊಂಡರು, ಅವರ ಪತಿ ಎಲೆಮ್ ಕ್ಲಿಮೊವ್ ಅದನ್ನು ಮುಗಿಸಿದರು. ಅಲ್ಲಿ ಇಡೀ ಊರಿಗೆ ಊರೇ ವಿದಾಯ ಹೇಳುತ್ತದೆ. ಚೀನಾದ ಜಿಯಾ ಝಾಂಗ್‌ಕೆ ಅವರ ‘ಸ್ಟಿಲ್ ಲೈಫ್’ (2006) ತ್ರೀ ಗಾರ್ಜಸ್ ಅಣೆಕಟ್ಟಿಗಾಗಿ ಒಡೆಯಲಾಗುತ್ತಿರುವ ಪಟ್ಟಣಕ್ಕೆ ಕಾಣೆಯಾದವರನ್ನು ಹುಡುಕಿಕೊಂಡು ಬಂದವರ ಕಥೆ. ಅಧಿಕಾರಿಯ ಕಣ್ಣು, ಊರಿನ ಕಣ್ಣು, ಹುಡುಕಿ ಬಂದವರ ಕಣ್ಣು. ‘ದ್ವೀಪ’ ಆರಿಸಿಕೊಂಡದ್ದು ಎಲ್ಲರೂ ಹೋದ ಮೇಲೆ ಉಳಿದ ಒಂದು ಮನೆಯ ಅಡುಗೆಮನೆಯನ್ನು. ಈ ಆಯ್ಕೆಯಿಂದ ಚಿತ್ರಕ್ಕೆ ಲಾಭವೂ ಆಗಿದೆ, ನಷ್ಟವೂ ಆಗಿದೆ. ನಷ್ಟದ ಮಾತಿಗೆ ಆಮೇಲೆ ಬರುತ್ತೇನೆ.

ನಾ. ಡಿಸೋಜ ಅವರು ಈ ವಸ್ತುವನ್ನು ಪುಸ್ತಕಗಳಿಂದ ತೆಗೆದವರಲ್ಲ. ಸಾಗರದಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯ ನೌಕರನಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. ಜೋಗದ ವಿದ್ಯುತ್ತಿಗಾಗಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಮೊದಲು ಊರುಗಳನ್ನು ಮುಳುಗಿಸಿತು. 1964ರಲ್ಲಿ ಲಿಂಗನಮಕ್ಕಿ ಬಂದಾಗ ಆ ಹಳೆಯ ಅಣೆಕಟ್ಟೇ ನೀರಿನಡಿ ಹೋಯಿತು. ‘ಮುಳುಗಡೆ’ ಎಂಬ ಹೆಸರಿನ ಕಾದಂಬರಿಯನ್ನೂ ಬರೆದ ಡಿಸೋಜ ಕೊನೆಯವರೆಗೂ ಆ ಜನರ ಪರವಾಗಿ ಮಾತಾಡಿದರು. ಮಂಡ್ಯದಲ್ಲಿ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮುಗಿದ ಎರಡು ವಾರಕ್ಕೆ, 2025ರ ಜನವರಿ 5ರಂದು, ಅವರು ತೀರಿಕೊಂಡರು. ಮುಳುಗಡೆಯನ್ನು ಬರೆದವರ ಸುದ್ದಿ ನಾಲೆಯ ನೀರಿನಲ್ಲಿ ಬೆಳೆದ ಊರಿಗೆ ಹೀಗೆ ಬಂದು ಮುಟ್ಟಿತು.

ನಾಲೆಯ ನೀರಿನಲ್ಲಿ ಬೆಳೆದ ಊರು ಎಂದೆ. ಅದು ಉತ್ಪ್ರೇಕ್ಷೆಯಲ್ಲ. 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾಯಿತು. ಕಟ್ಟೆ ಪೂರ್ತಿಯಾಗುವ ಹೊತ್ತಿಗೆ ಇಪ್ಪತ್ತು ವರ್ಷ ಹಿಡಿಯಿತು. ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲಿಗೆ ನೀರು ತಂದಿತು. 1933ರಲ್ಲಿ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಬೇರೆ ಜಿಲ್ಲೆಯಾಯಿತು. ರಾಗಿ, ಹುರುಳಿಯ ಸೀಮೆ ಭತ್ತ, ಕಬ್ಬಿನ ಸೀಮೆಯಾಯಿತು. ವಿಶ್ವೇಶ್ವರಯ್ಯನವರ, ನಾಲ್ವಡಿಯವರ ಪಟಗಳನ್ನು ದೇವರ ಪಟದ ಸಾಲಿನಲ್ಲಿ ಇಟ್ಟ ಮನೆಗಳು ಇಲ್ಲಿ ಎಷ್ಟೋ ಇವೆ. ಮಹಾರಾಣಿಯವರು ಒಡವೆ ಕೊಟ್ಟು ಕಟ್ಟೆ ಕಟ್ಟಿಸಿದರು ಎಂಬ ಮಾತನ್ನು ಅಜ್ಜಿಯರು ಮೊಮ್ಮಕ್ಕಳಿಗೆ ಹೇಳಿಕೊಂಡು ಬಂದಿದ್ದಾರೆ. ಈ ಕೃತಜ್ಞತೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಹಸಿವು ನೀಗಿದವರ ಮಾತು ಅದು.

ಆದರೆ ಕಟ್ಟೆಯ ಹೆಸರನ್ನೊಮ್ಮೆ ಕೇಳಿಸಿಕೊಳ್ಳಿ. ಕನ್ನಂಬಾಡಿ ಎನ್ನುವುದು ಒಂದು ಊರಿನ ಹೆಸರು. ಆ ಊರು ಕಟ್ಟೆಯ ನೀರಿನ ಕೆಳಗೆ ಹೋಯಿತು. ನಾವು ದಿನಕ್ಕೆ ಹತ್ತು ಸಲ ಉಚ್ಚರಿಸುವುದು ಮುಳುಗಿದ ಊರಿನ ಹೆಸರನ್ನು, ಹಾಗೆಂದು ನೆನಪಾಗದೆ. ಅಲ್ಲಿಂದ ಎದ್ದು ಬಂದವರು ಹೊಸ ಕನ್ನಂಬಾಡಿ ಕಟ್ಟಿಕೊಂಡರು. ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ಗುಡಿ ಬಹುಕಾಲ ನೀರಿನಲ್ಲೇ ಇತ್ತು. ಬರ ಬಿದ್ದು ಕಟ್ಟೆ ಬತ್ತಿದ ವರ್ಷಗಳಲ್ಲಿ ಅದು ಮೇಲೆ ಕಾಣಿಸುತ್ತಿತ್ತು, ಜನ ಹೋಗಿ ನೋಡಿ ಬರುತ್ತಿದ್ದರು. ನಮ್ಮ ಕಾಲದಲ್ಲಿ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹಿನ್ನೀರಿನ ದಡದಲ್ಲಿ ಮತ್ತೆ ಕಟ್ಟಿದರು. ಇವತ್ತು ರಜಾ ದಿನಗಳಲ್ಲಿ ಅಲ್ಲಿ ಕಾರುಗಳ ಸಾಲು. ಕೆತ್ತನೆ ಚೆನ್ನಾಗಿದೆ, ಹಿನ್ನೀರಿನ ಗಾಳಿ ಚೆನ್ನಾಗಿದೆ. ಅಲ್ಲಿ ನಿಂತಾಗ ‘ದ್ವೀಪ’ ನೋಡಿದವರಿಗೆ ಒಂದು ಪ್ರಶ್ನೆ ಏಳಬೇಕು. ದೇವರ ಕಲ್ಲುಗಳನ್ನು ಒಂದೊಂದಾಗಿ ಎಣಿಸಿ ತಂದು ಜೋಡಿಸಿದೆವು. ಆ ದೇವರಿಗೆ ಹೂ ಕೊಟ್ಟವರ, ಗುಡಿಯ ಅಂಗಳ ಗುಡಿಸಿದವರ ಮನೆಗಳ ಕಥೆಯನ್ನು ಹಾಗೆ ಜೋಡಿಸಿದವರು ಎಷ್ಟು ಜನ?

ಕನ್ನಡದ ಜನಪ್ರಿಯ ಸಿನಿಮಾವೂ ಈ ಮರೆವಿಗೆ ಸಹಾಯ ಮಾಡಿದೆ. 1972ರ ‘ಬಂಗಾರದ ಮನುಷ್ಯ’ ಬರಡು ನೆಲವನ್ನು ಹಸಿರು ಮಾಡಿದವನ ಕಥೆ, ಓದಿದ ಹುಡುಗರು ಊರಿಗೆ ಮರಳಿ ಹೊಲ ಹಿಡಿಯುವಷ್ಟು ಪ್ರಭಾವ ಬೀರಿತೆಂದು ಹೇಳುವವರುಂಟು. ಅದು ದೊಡ್ಡ ಚಿತ್ರವೇ. ಆ ಪರಂಪರೆಯಲ್ಲಿ ಹಸಿರು ಬರುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ. ಹಸಿರಿಗೆ ಬೇಕಾದ ನೀರು ಎಲ್ಲಿ ಯಾರ ಅಂಗಳವನ್ನು ತುಂಬಿ ಬಂತು ಎಂಬ ಮೊದಲ ರೀಲು ನಮ್ಮ ಬಳಿ ಇರಲಿಲ್ಲ. ‘ದ್ವೀಪ’ ಮಲೆನಾಡಿನ ಕಥೆಯಾದರೂ ಮಂಡ್ಯದ ಕಥೆಗೆ ಕಾಣೆಯಾಗಿದ್ದ ಆ ರೀಲಿನಂತಿದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು. ಮದ್ದೂರು, ಮಳವಳ್ಳಿಯ ಕೊನೆ ಭಾಗದ ರೈತ ಕೇಳಬಹುದು: ನಾನೂ ಸುಖದಲ್ಲಿದ್ದೇನೆಯೇ? ನಾಲೆ ಬಿಟ್ಟರೆಂಬ ಸುದ್ದಿ ಬಂದರೂ ನನ್ನ ತೂಬಿಗೆ ನೀರು ಮುಟ್ಟುವಷ್ಟರಲ್ಲಿ ಪೈರು ಒಣಗಿರುತ್ತದೆ. ಮೇಲ್ಭಾಗದವರು ಎರಡು ಬೆಳೆ ತೆಗೆಯುವಾಗ ನಾನು ನೀರುಗಂಟಿಯ ಮುಖ ನೋಡುತ್ತ ಕೂರುತ್ತೇನೆ. ನನ್ನನ್ನು ಫಲಾನುಭವಿ ಎಂದು ಕೂರಿಸಿ ಮಲೆನಾಡಿನವರ ಕಣ್ಣೀರು ತೋರಿಸಿದರೆ ಹೇಗೆ? ನ್ಯಾಯವಾದ ಪ್ರಶ್ನೆ. ಕಟ್ಟೆಯ ಮೇಲೆ ಮುಳುಗಿದವರು, ಕೆಳಗೆ ನೀರುಂಡವರು ಎಂಬ ಎರಡೇ ಗುಂಪು ಮಾಡಿದರೆ ಇವನು ಎಲ್ಲಿಯೂ ಸೇರುವುದಿಲ್ಲ.

ಮಳವಳ್ಳಿಯ ಶಿವನಸಮುದ್ರವನ್ನೇ ತೆಗೆದುಕೊಳ್ಳಿ. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ. ಕನ್ನಂಬಾಡಿ ಕಟ್ಟಲು ಇದ್ದ ಕಾರಣಗಳಲ್ಲೂ ಶಿವನಸಮುದ್ರದ ಯಂತ್ರಗಳಿಗೆ ವರ್ಷವಿಡೀ ನೀರು ಸಿಗಬೇಕೆಂಬುದು ಒಂದು. ಜಲಪಾತದ ಪಕ್ಕದ ಹಳ್ಳಿಗಳು ತಂತಿ ತಲೆಯ ಮೇಲೆ ಹಾದುಹೋಗುವುದನ್ನು ನೋಡಿಕೊಂಡಿದ್ದವು. ಶರಾವತಿಯ ಜನರ ದೂರೂ ಇದೇ ಅಲ್ಲವೇ? ನಾಡಿಗೆ ಬೆಳಕು ಕೊಟ್ಟು ತಾವು ಕತ್ತಲಲ್ಲಿ ಉಳಿದೆವು ಎಂಬುದು. ಹಾಗಾಗಿ ಮಳವಳ್ಳಿಯವನಿಗೆ ‘ದ್ವೀಪ’ ಬೇರೆಯವರ ಕಥೆಯಾಗಿ ಕಾಣಬೇಕಾಗಿಲ್ಲ. ನೀರು, ಬೆಳಕು ಯಾರಿಗೆಂಬ ಲೆಕ್ಕ ಬೇರೆ ಎಲ್ಲೋ ನಡೆದು ತಾನು ಅದರ ಹೊರಗೆ ಉಳಿಯುವುದು ಅವನಿಗೂ ಗೊತ್ತು.

ಚಿತ್ರದ ನಷ್ಟದ ಮಾತು ಉಳಿದಿದೆ. ‘ದ್ವೀಪ’ ಉಳಿದವರ ಜೊತೆ ಇರುತ್ತದೆ, ಹೋದವರನ್ನು ಹೆಚ್ಚು ದೂರ ಹಿಂಬಾಲಿಸುವುದಿಲ್ಲ. ಮುಳುಗಡೆಯಾದ ಬಹುಪಾಲು ಜನ ಗುಡ್ಡದ ಮೇಲೆ ಉಳಿದವರಲ್ಲ. ಲಾರಿ ಹತ್ತಿ, ಗೊತ್ತಿಲ್ಲದ ಊರಿನ ಕಾಡಂಚಿನಲ್ಲಿ ಇಳಿದು, ಅಲ್ಲಿ ಹೊಸದಾಗಿ ಬಾಳು ಶುರು ಮಾಡಿದವರು. ಶರಾವತಿ ಸಂತ್ರಸ್ತರಿಗೆ ಕೊಟ್ಟ ನೆಲ ಕಾಗದದಲ್ಲಿ ಅರಣ್ಯವಾಗಿಯೇ ಉಳಿದು, ಹಕ್ಕುಪತ್ರದ ಹೋರಾಟ ಮೂರನೆಯ ತಲೆಮಾರಿಗೂ ಮುಗಿದಿಲ್ಲ. ಹಿನ್ನೀರಿನಲ್ಲಿ ನಿಜಕ್ಕೂ ದ್ವೀಪದಂತೆ ಉಳಿದ ತುಮರಿ ಸೀಮೆಯ ಜನ ಅರವತ್ತು ವರ್ಷ ಲಾಂಚ್ ನಂಬಿ ಬದುಕಿದರು. ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಮಳೆಗಾಲದ ರಾತ್ರಿ ಹೆರಿಗೆ ನೋವು ಬಂದ ಹೆಂಗಸನ್ನು ದಾಟಿಸುವುದು ಹೇಗೆ ಎಂಬ ಅರವತ್ತು ವರ್ಷದ ಭಯಕ್ಕೆ ಚಿತ್ರದ ಒಂದು ರಾತ್ರಿ ಸಂಕೇತವಾಗಬಲ್ಲದು, ಬದಲಿಯಾಗಲಾರದು. ಚಿತ್ರ ಒಂದು ಬೆಳಗಿನಲ್ಲಿ ಮುಗಿಯುತ್ತದೆ, ಮುಳುಗಡೆ ಹಾಗೆ ಮುಗಿಯುವುದಿಲ್ಲ. ಅಡುಗೆಮನೆಯನ್ನು ಆರಿಸಿಕೊಂಡ ಚಿತ್ರಕ್ಕೆ ನಾಗಿ ಸಿಕ್ಕಿದಳು. ಕಚೇರಿ, ಕಡತ, ಪುನರ್ವಸತಿಯ ದೀರ್ಘ ಕಥೆ ಕೈತಪ್ಪಿತು. ಆ ಕಥೆಯನ್ನು ಮಾಡುವ ಇನ್ನೊಬ್ಬ ನಿರ್ದೇಶಕರಿಗೆ ಕನ್ನಡ ಕಾಯುತ್ತಿದೆ.

ಇಪ್ಪತ್ತು ವರ್ಷದ ಹಿಂದಿನ ಚಿತ್ರವನ್ನು ಈಗ ನೋಡಲು ಒಂದು ತುರ್ತೂ ಇದೆ. ಮೇಕೆದಾಟು ಯೋಜನೆಯ ಮಾತು ಮತ್ತೆ ಮತ್ತೆ ಬರುತ್ತಿದೆ. 67 ಟಿಎಂಸಿ ನೀರು ನಿಲ್ಲಿಸಿ ಬೆಂಗಳೂರಿಗೆ ಕುಡಿಯುವ ನೀರು, ಜೊತೆಗೆ 400 ಮೆಗಾವ್ಯಾಟ್ ವಿದ್ಯುತ್ತು ಎಂಬುದು ಯೋಜನೆ. ಅದಾದರೆ ಕಾವೇರಿ ವನ್ಯಧಾಮದ ಕಾಡು ಮುಳುಗಡೆಯಾಗುತ್ತದೆ. ಆ ವನ್ಯಧಾಮದ ಒಂದು ಭಾಗ ಮಳವಳ್ಳಿ ತಾಲ್ಲೂಕಿನಲ್ಲೇ ಇದೆ, ನಮ್ಮವರು ಹರಕೆ ಹೊತ್ತು ಹೋಗುವ ಮುತ್ತತ್ತಿ ಇರುವುದೂ ಆ ಕಾಡಿನ ಸೀಮೆಯಲ್ಲೇ. ಯೋಜನೆ ಬೇಕೋ ಬೇಡವೋ ಎಂಬುದನ್ನು ಒಂದು ಸಿನಿಮಾ ವಿಮರ್ಶೆ ತೀರ್ಮಾನಿಸಲಾರದು. ಬೆಂಗಳೂರಿನ ಬಾಯಾರಿಕೆಯೂ ಸುಳ್ಳಲ್ಲ, ಅಲ್ಲಿ ಬಾಡಿಗೆ ಮನೆಯಲ್ಲಿರುವ ಅರ್ಧ ಜನ ನಮ್ಮೂರುಗಳಿಂದಲೇ ಹೋದವರು. ಆದರೆ ನೂರು ವರ್ಷ ಕಟ್ಟೆಯ ಕೆಳಗಿನ ಕಣ್ಣಿನಿಂದ ನೀರನ್ನು ನೋಡಿದ ಸೀಮೆ ಈಗ ಕಟ್ಟೆಯ ಮೇಲಿನ ಕಣ್ಣಿನಿಂದಲೂ ನೋಡಬೇಕಾಗಿ ಬಂದರೆ, ಆ ನೋಟ ಹೇಗಿರುತ್ತದೆಂದು ‘ದ್ವೀಪ’ ಮೊದಲೇ ತೋರಿಸಿದೆ. ಯಾರ ನಷ್ಟಕ್ಕೆ ಅಂಕಣವಿದೆ, ಯಾರದ್ದಕ್ಕೆ ಇಲ್ಲ ಎಂದು ಕಟ್ಟುವ ಮೊದಲೇ ಕೇಳುವುದನ್ನು ಅದರಿಂದ ಕಲಿಯಬಹುದು.

ಚಿತ್ರವನ್ನು ಮೊದಲ ಸಲ ನೋಡುವ ವಿದ್ಯಾರ್ಥಿಗಳಿಗೆ ಒಂದು ಸಲಹೆ. ಮಳೆಯ ದೃಶ್ಯಗಳು ಚೆಲುವಾಗಿವೆ, ರಾಮಚಂದ್ರ ಅವರ ಕ್ಯಾಮೆರಾ ಮಲೆನಾಡಿನ ಬೂದು ಬಣ್ಣದಲ್ಲಿ ಎಷ್ಟು ಬಗೆಯಿದೆ ಎಂದು ತೋರಿಸುತ್ತದೆ. ಆ ಚೆಲುವಿನಲ್ಲಿ ಕರಗಿಹೋಗುವುದು ಸುಲಭ. ಹಾಗಾಗದಂತೆ ನಾಗಿಯ ಕೈಗಳನ್ನು ನೋಡುತ್ತ ಹೋಗಿ. ಅವು ಏನು ಹಿಡಿದಿವೆ, ಏನು ಹೊತ್ತಿವೆ, ಯಾವಾಗ ಖಾಲಿಯಿವೆ ಎಂದು ಗಮನಿಸಿ. ಕೊನೆಯ ಬೆಳಗಿನಲ್ಲಿ ಗಣಪ ದೇವರ ಹೆಸರು ಹೇಳುವಾಗ, ರಾತ್ರಿಯೆಲ್ಲ ಆ ಕೈಗಳು ಮಾಡಿದ್ದು ನಿಮಗೆ ಪೂರ್ತಿ ನೆನಪಿರುತ್ತದೆ. ಆ ದ್ವೀಪದಲ್ಲಿ ಅವಳಿಗೆ ಸಿಕ್ಕ ಸಾಕ್ಷಿ ನೋಡುಗರೊಬ್ಬರೇ.